ಹಳದಿ ಕ್ಯಾಸೆಟ್ಟುಗಳ ಬೆನ್ನು ಹತ್ತಿ

ನಮ್ಮ ಕಡೆ ಅದನ್ನು ಕಾರ್ಟ್ರಿಜ್ ಎಂದು ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಹಾಡು ಕೇಳುವುದಕ್ಕೆ ಒಂದು ಕ್ಯಾಸೆಟ್, ಸಿನಿಮಾ ನೋಡುವುದಕ್ಕೆ ಒಂದು ಕ್ಯಾಸೆಟ್, ಆಟ ಆಡುವುದಕ್ಕೂ ಒಂದು ಕ್ಯಾಸೆಟ್. ಒಳಗೆ ಟೇಪು ಇದೆಯೋ ಚಿಪ್ಪು ಇದೆಯೋ ಯಾರಿಗೆ ಬೇಕಿತ್ತು? ಅಂಗೈಯಗಲದ ಆ ಹಳದಿ ಡಬ್ಬಿಯನ್ನು ಮೆಷಿನ್ನಿನ ಬಾಯಿಗೆ ಒತ್ತಿ, ಟಿವಿಯ ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಟ್ಯೂನ್ ಮಾಡುವ ಗುಂಡಿ ತಿರುಗಿಸುತ್ತಾ ಕೂತರೆ ಚುಕ್ಕಿಗಳ ನಡುವೆ ಎಲ್ಲೋ ಒಂದು ಕಡೆ ಮಾರಿಯೋ ಕಾಣಿಸಿಕೊಳ್ಳುತ್ತಿದ್ದ. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಬೆಳೆದ ನನ್ನ ವಾರಿಗೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಚೆನ್ನೈಗೆ ಬಂದು ಹನ್ನೆರಡು ವರ್ಷವಾಯಿತು. ಕಳೆದ ಏಳು ವರ್ಷಗಳಿಂದ ಇಂಥ ಮೆಷಿನ್ನುಗಳನ್ನೂ ಕ್ಯಾಸೆಟ್ಟುಗಳನ್ನೂ ಕೂಡಿಡುತ್ತಿದ್ದೇನೆ. ಸದ್ಯಕ್ಕೆ 14 ಮೆಷಿನ್ನು, 212 ಕ್ಯಾಸೆಟ್ಟುಗಳಿವೆ. ನನ್ನ ಹೆಂಡತಿಯ ಲೆಕ್ಕದಲ್ಲಿ ಇದು ಒಂದು ಬೀರು ಮತ್ತು ಮಂಚದ ಕೆಳಗಿನ ಅರ್ಧ ಜಾಗ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆಲ್ಲ ಈಗ ಒಳ್ಳೇ ರೇಟು ಇರಬೇಕಲ್ಲ?" ಇಲ್ಲ. ಯಾಕೆಂದರೆ ಇವುಗಳಲ್ಲಿ ಮುಕ್ಕಾಲು ಪಾಲು ನಕಲಿ. ಆದರೂ ಯಾಕೆ ಕೂಡಿಡುತ್ತಿದ್ದೇನೆ ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಅಸಲಿಯಿಂದ ಶುರು ಮಾಡೋಣ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಲಿ ಕಂಪ್ಯೂಟರ್' ಎಂಬ ಮೆಷಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು. ಜನ ಅದನ್ನು ಫ್ಯಾಮಿಕಾಮ್ ಎಂದು ಮೊಟಕುಗೊಳಿಸಿದರು. ವಿನ್ಯಾಸ ಮಸಾಯುಕಿ ಉಎಮುರಾ ಮತ್ತು ಅವರ ತಂಡದ್ದು. ಪ್ರೊಸೆಸರ್ 1975ರಲ್ಲಿ ಬಂದ 6502 ಎಂಬ ಚಿಪ್ಪಿನ ವಂಶದ್ದು; ಆಪಲ್-2 ಕಂಪ್ಯೂಟರಿನ ಒಳಗಿದ್ದದ್ದೂ ಅದೇ 6502. ಕೆಲಸಕ್ಕೆ ಸಿಗುವ ಮೆಮೊರಿ ಬರೀ 2 ಕೆಬಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ, ಚಿತ್ರ, ಸಂಗೀತ, 32 ಹಂತಗಳು ಎಲ್ಲ ಸೇರಿ 40 ಕೆಬಿ. ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ 'ಶುಭೋದಯ'ದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ಎರಡು ವರ್ಷದ ನಂತರ ಅದೇ ಮೆಷಿನ್ನನ್ನು ವೇಷ ಬದಲಿಸಿ, ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸುವಾಗ ನಿಂಟೆಂಡೊ ಒಳಗೊಂದು ಬೀಗದ ಚಿಪ್ಪು ಇಟ್ಟಿತು. ಕಂಪನಿಯ ಒಪ್ಪಿಗೆ ಪಡೆಯದ ಕ್ಯಾಸೆಟ್ ಅದರಲ್ಲಿ ಓಡಬಾರದೆಂದು. ಆದರೆ ಜಪಾನಿನ ಮೂಲ ಮೆಷಿನ್ನಿಗೆ ಈ ಬೀಗ ಇರಲಿಲ್ಲ. ತೈವಾನ್, ಹಾಂಗ್‌ಕಾಂಗ್, ಚೀನಾದ ಕಾರ್ಖಾನೆಗಳಿಗೆ ಅಷ್ಟು ಸಾಕಾಯಿತು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮಿನ ಚಿಪ್ಪುಗಳ ತದ್ರೂಪುಗಳನ್ನೇ ತಯಾರಿಸಿತು. ನಮ್ಮಂಥ ದೇಶಗಳ ಪಾಲ್ ಟಿವಿಗೆ ಹೊಂದುವ ಆವೃತ್ತಿಯೂ ಬಂತು. ಹಾಗಾಗಿ ಒಂದೇ ಮೆಷಿನ್ನು ರಷ್ಯಾದಲ್ಲಿ ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್, ಆಗ್ನೇಯ ಏಷ್ಯಾದಲ್ಲಿ ಮೈಕ್ರೊ ಜೀನಿಯಸ್ ಎಂಬ ಹೆಸರು ಹೊತ್ತು ಮನೆಮನೆ ಸೇರಿತು. ನಮ್ಮಲ್ಲಿ ಸಮುರಾಯ್, ಮೀಡಿಯಾ ಎಂಬ ಹೆಸರುಗಳಿದ್ದವು. ಬಹಳಷ್ಟು ಮೆಷಿನ್ನುಗಳ ಮೇಲೆ ಬರೀ 'ಟಿವಿ ಗೇಮ್' ಎಂದಷ್ಟೇ ಇರುತ್ತಿತ್ತು.

ಅಸಲಿ ಮೆಷಿನ್ನು ನಮಗೆ ಸಿಗುತ್ತಲೇ ಇರಲಿಲ್ಲ ಎಂದಲ್ಲ. 1995ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಭಾರತಕ್ಕೆ ಅಧಿಕೃತವಾಗಿ ಬಂತು. ಮಾರಿದ್ದು ಶಾ ವಾಲೇಸ್, ಮದ್ಯಕ್ಕೆ ಹೆಸರಾದ ಅದೇ ಸಂಸ್ಥೆ. ಆಮದು ಸುಂಕ ಶೇಕಡಾ 80ರಷ್ಟಿದ್ದ ಕಾಲ. ಮೆಷಿನ್ನಿನ ಬೆಲೆ 18,000 ರೂಪಾಯಿ. ಆಗ ನಮ್ಮಪ್ಪನ ತಿಂಗಳ ಸಂಬಳ ಅದರ ಕಾಲು ಭಾಗವೂ ಇರಲಿಲ್ಲ. 1996ರ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದ ಹೆಸರಿಲ್ಲದ ಮೆಷಿನ್ನಿಗೆ ಕೊಟ್ಟದ್ದು 850 ರೂಪಾಯಿ, ಜೊತೆಗೆ ಒಂದು ಕ್ಯಾಸೆಟ್ ಪುಕ್ಕಟೆ. ನಮ್ಮಂಥ ಮನೆಗಳಿಗೆ ಅಸಲಿ ಮತ್ತು ನಕಲಿ ಎಂಬ ಎರಡು ಆಯ್ಕೆಗಳಿರಲಿಲ್ಲ. ನಕಲಿ ಇತ್ತು, ಇಲ್ಲದಿದ್ದರೆ ಏನೂ ಇರಲಿಲ್ಲ.

ಹೊರದೇಶಗಳಲ್ಲಿ ಈ ಹವ್ಯಾಸದ ಲೆಕ್ಕವೇ ಬೇರೆ. 2021ರ ಆಗಸ್ಟಿನಲ್ಲಿ ಪ್ಯಾಕ್ ಒಡೆಯದ ಒಂದು ಸೂಪರ್ ಮಾರಿಯೋ ಬ್ರದರ್ಸ್ ಅಮೆರಿಕದಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅಲ್ಲಿ ಡಬ್ಬಿಗೆ ಅಂಕ ಕೊಡುವ ಕಂಪನಿಗಳಿವೆ. ಮೂಲೆ ಮಡಚಿದರೆ ಅಂಕ ಕಡಿಮೆ, ತೆರೆದರೆ ಮುಗಿಯಿತು. ಆ ಅಳತೆಗೋಲು ಹಿಡಿದು ನಮ್ಮಲ್ಲಿ ಹುಡುಕಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ನಮ್ಮ ಕ್ಯಾಸೆಟ್ಟುಗಳಿಗೆ ಡಬ್ಬಿಯೇ ಇರಲಿಲ್ಲ. ಮೇಲಿನ ಸ್ಟಿಕ್ಕರಿನಲ್ಲಿ ಇರುವ ಚಿತ್ರಕ್ಕೂ ಒಳಗಿನ ಆಟಕ್ಕೂ ಎಷ್ಟೋ ಸಲ ಸಂಬಂಧವಿಲ್ಲ. ತಯಾರಿಸಿದವರು ಯಾರು, ಯಾವ ವರ್ಷ, ಎಷ್ಟು ಪ್ರತಿ ಎಂಬ ದಾಖಲೆ ಎಲ್ಲೂ ಇಲ್ಲ. ಅಸಲಿ ಮಾರಿಯೋ ಕ್ಯಾಸೆಟ್ಟುಗಳು ಲಕ್ಷಗಟ್ಟಲೆ ಉಳಿದಿವೆ, ಅವುಗಳ ಬಗ್ಗೆ ಪುಸ್ತಕಗಳಿವೆ. ನಾವು ನಿಜವಾಗಿ ಆಡಿದ ಕ್ಯಾಸೆಟ್ಟುಗಳನ್ನು ಕೇಳುವವರಿಲ್ಲ. ಆದ್ದರಿಂದ ನಾನು ಹುಡುಕುವುದು ಅವನ್ನೇ.

ಹುಡುಕುವುದಕ್ಕೆ ಚೆನ್ನೈ ಒಳ್ಳೆಯ ಊರು. ಮೌಂಟ್ ರೋಡಿನ ಪಕ್ಕದ ರಿಚೀ ಸ್ಟ್ರೀಟ್ ಎಲೆಕ್ಟ್ರಾನಿಕ್ಸ್‌ಗೆ ನಮ್ಮ ಎಸ್‌.ಪಿ. ರೋಡ್ ಇದ್ದ ಹಾಗೆ. ಬೀಚ್ ಸ್ಟೇಷನ್ನಿನ ಹತ್ತಿರದ ಬರ್ಮಾ ಬಜಾರ್ ಒಂದು ಕಾಲಕ್ಕೆ ವಿದೇಶಿ ಸಾಮಾನುಗಳ ಬಾಗಿಲು. ಬರ್ಮಾದಿಂದ ವಾಪಸು ಬಂದ ತಮಿಳರು ಕಟ್ಟಿಕೊಂಡ ಸಾಲು ಅಂಗಡಿಗಳು. ಸೆಂಟ್ರಲ್ ಸ್ಟೇಷನ್ ಪಕ್ಕದ ಹಳೆಯ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋದರೂ ಆ ಹೆಸರಿನ ಕಾಂಪ್ಲೆಕ್ಸಿನಲ್ಲಿ ಹಳೆಯ ಪುಸ್ತಕ, ಹಳೆಯ ರೆಕಾರ್ಡುಗಳ ವ್ಯಾಪಾರ ನಿಂತಿಲ್ಲ. ಇವೆಲ್ಲಕ್ಕಿಂತ ನನಗೆ ಹೆಚ್ಚು ಫಲ ಕೊಟ್ಟಿರುವುದು ಪಲ್ಲಾವರಂನ ಶುಕ್ರವಾರದ ಸಂತೆ. ಗಿಡ, ಪಾರಿವಾಳ, ತುಕ್ಕು ಹಿಡಿದ ಸ್ಪ್ಯಾನರ್, ಮುರಿದ ಮಿಕ್ಸಿ, ಯಾರದೋ ಮದುವೆಯ ಆಲ್ಬಂ ಎಲ್ಲವೂ ನೆಲದ ಮೇಲೆ ಹರಡಿರುತ್ತವೆ. ಶುಕ್ರವಾರ ನನಗೆ ವರ್ಕ್ ಫ್ರಂ ಹೋಮ್ ಇದ್ದ ವಾರಗಳಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರುತ್ತೇನೆ.

ರಿಚೀ ಸ್ಟ್ರೀಟಿನಲ್ಲಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಇದು: "ಅದೆಲ್ಲಾಂ ಇಪ್ಪೊ ಯಾರ್ ಸಾರ್ ಕೇಕ್ಕುರಾಂಗ?" ಈಗ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದು. ಹೇಳುತ್ತಲೇ ಅವರ ಕೈ ಮೇಲಿನ ಶೆಲ್ಫಿಗೆ ಹೋಗುತ್ತದೆ. ನನ್ನ ತಮಿಳು ಬೆಳೆದದ್ದು ಆಫೀಸಿನಲ್ಲಿ ಅಲ್ಲ, ಇಂಥ ಅಂಗಡಿಗಳಲ್ಲಿ ಚೌಕಾಸಿ ಮಾಡಿ. ಒಂದು ಕ್ಯಾಸೆಟ್ಟಿಗೆ 50ರಿಂದ 150 ರೂಪಾಯಿ ಕೊಡುತ್ತೇನೆ, ಮೆಷಿನ್ನಿಗೆ 500ರ ಒಳಗೆ.

ಮನೆಗೆ ತಂದು ಬಿಚ್ಚಿದಾಗ ನಿಜವಾದ ಓದು ಶುರುವಾಗುತ್ತದೆ. '9999 ಇನ್ 1' ಎಂದು ಸ್ಟಿಕ್ಕರ್ ಇದ್ದ ಕ್ಯಾಸೆಟ್ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಹಾಕಿದರೆ ಕಡಲ ದಂಡೆ, ತೆಂಗಿನ ಮರ, ಹಾರುವ ಹಕ್ಕಿ, ನಿಧಾನವಾದ ಒಂದು ರಾಗ. ಆ ರಾಗ 1955ರ ಒಂದು ಇಂಗ್ಲಿಷ್ ಸಿನಿಮಾಗೆಂದು ರಚಿಸಿದ 'ಅನ್‌ಚೈನ್ಡ್ ಮೆಲಡಿ' ಹಾಡಿನದೆಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಪಟ್ಟಿಯಲ್ಲಿ ಸಾವಿರಾರು ಹೆಸರುಗಳಿದ್ದರೂ ನಿಜವಾದ ಆಟಗಳು ಐದೋ, ಹತ್ತೋ, ಇಪ್ಪತ್ತೋ. ಉಳಿದದ್ದೆಲ್ಲ ಅವೇ ಆಟಗಳನ್ನು ಬೇರೆ ಬೇರೆ ಹಂತದಿಂದ, ಬೇರೆ ಬೇರೆ ಸಂಖ್ಯೆಯ ಜೀವಗಳಿಂದ ಶುರು ಮಾಡುವ ತಂತ್ರ. ಮೋಸವೆಂದರೆ ಮೋಸವೇ. ಆದರೆ ಪ್ರೋಗ್ರಾಮರ್ ಆಗಿ ನೋಡಿದರೆ ಬೆರಗಾಗುತ್ತದೆ. ಬೇರೆಯವರು ಬರೆದ ಆಟದ ಒಳಹೊಕ್ಕು, ಹಂತದ ಸಂಖ್ಯೆ ಮೆಮೊರಿಯಲ್ಲಿ ಎಲ್ಲಿದೆ ಎಂದು ಪತ್ತೆ ಮಾಡಿ, ಅಲ್ಲಿ ಬೇಕಾದ್ದನ್ನು ತುಂಬಿ ಆಟವನ್ನು ಬಿಡಬೇಕು. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಾರೋ ಕೂತು ಅದನ್ನು ಮಾಡಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.

ಕ್ಯಾಸೆಟ್ಟಿನ ಒಳಗಡೆ ಹಸಿರು ಹಲಗೆಯ ಮೇಲೆ ಕಪ್ಪು ಗೋಂದಿನ ಒಂದು ಉಂಡೆ ಕಾಣುತ್ತದೆ. ಚಿಪ್ಪನ್ನು ಕಾಲುಗಳಿರುವ ಕವಚದಲ್ಲಿ ಕೂರಿಸಿದರೆ ಖರ್ಚು ಹೆಚ್ಚು; ಅದಕ್ಕೆ ಬರಿಯ ಸಿಲಿಕಾನ್ ತುಣುಕನ್ನು ಹಲಗೆಗೇ ಅಂಟಿಸಿ, ಕೂದಲಿಗಿಂತ ತೆಳ್ಳಗಿನ ತಂತಿಗಳಿಂದ ಜೋಡಿಸಿ, ಮೇಲೆ ಎಪಾಕ್ಸಿ ಸುರಿದುಬಿಡುತ್ತಿದ್ದರು. ಅಗ್ಗ ಆಗಲು ಇದೇ ಕಾರಣ, ರಿಪೇರಿ ಆಗದಿರಲೂ ಇದೇ ಕಾರಣ. ಅಸಲಿ ಕ್ಯಾಸೆಟ್ಟಿನಲ್ಲಿ ಚಿಪ್ಪು ಕಿತ್ತು ಬೇರೆ ಹಾಕಬಹುದು. ಉಂಡೆಯೊಳಗಿನ ತಂತಿ ಕಡಿದರೆ ನನ್ನಂಥವನ ಬೆಸುಗೆ ಕಡ್ಡಿಗೆ ಅಲ್ಲಿ ಕೆಲಸವಿಲ್ಲ.

ಚೆನ್ನೈನ ಗಾಳಿ ಈ ವಸ್ತುಗಳಿಗೆ ಒಳ್ಳೆಯದಲ್ಲ. ಕಡಲಿನ ಉಪ್ಪು, ವರ್ಷವಿಡೀ ಸೆಕೆ, ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಂಗಾರಿನ ತೇವ. ಕ್ಯಾಸೆಟ್ಟಿನ 60 ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಆಡದಿದ್ದಾಗ ಬಾಯಿಂದ ಊದುವುದು ಆಗಿನ ಕಾಲದ ರೂಢಿ; ಅದು ಉಗುಳಿನ ತೇವವನ್ನು ಸೇರಿಸುವುದೇ ಹೊರತು ಕಿಲುಬನ್ನು ತೆಗೆಯುವುದಿಲ್ಲ. ಕಿಲುಬಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಸುತ್ತಿದ ಕಡ್ಡಿ ಸಾಕು. ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಇಷ್ಟು ಮಾಡಿದರೂ ಕಳೆದ ಮಳೆಗಾಲ ಮುಗಿದ ಮೇಲೆ ನಾಲ್ಕು ಕ್ಯಾಸೆಟ್ಟುಗಳು ಏಳಲಿಲ್ಲ. ನಾಲ್ಕೂ ಗೋಂದಿನ ಉಂಡೆಯವು.

ಆದರೆ ಒಂದು ವಿಷಯದಲ್ಲಿ ಈ ಹವ್ಯಾಸಕ್ಕೆ ತಮಿಳುನಾಡಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಡಕ್ ಹಂಟ್‌ನ ಬಂದೂಕು ನೆನಪಿರಬಹುದು. ಟ್ರಿಗರ್ ಒತ್ತಿದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ತುದಿಯಲ್ಲಿರುವ ಬೆಳಕಿನ ಸೆನ್ಸರ್ ಕಪ್ಪಿನ ನಂತರ ಬಿಳಿ ಕಂಡರೆ ಗುರಿ ತಾಗಿತು ಎಂದರ್ಥ. ಇದು ನಡೆಯುವುದು ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಮಾತ್ರ. ಈಗಿನ ಎಲ್‌ಸಿಡಿಗಳಲ್ಲಿ ಚಿತ್ರ ತುಸು ತಡವಾಗಿ ಬರುವುದರಿಂದ ಬಾತುಕೋಳಿ ಸಾಯುವುದೇ ಇಲ್ಲ. 2006ರಿಂದ ಕರುಣಾನಿಧಿ ಸರ್ಕಾರ ಇಲ್ಲಿ ಮನೆಗೊಂದರಂತೆ 14 ಇಂಚಿನ ಕಲರ್ ಟಿವಿಯನ್ನು ಪುಕ್ಕಟೆ ಹಂಚಿತು. ಬೇರೆ ಕಡೆ ಟ್ಯೂಬ್ ಟಿವಿಯ ಕಾಲ ಮುಗಿಯುತ್ತಾ ಬಂದಾಗ ಈ ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೊಸ ಟ್ಯೂಬ್ ಟಿವಿಗಳು ಮನೆ ಸೇರಿದವು. ಈಗ ಅವು ಗುಜರಿಗೆ ಬರುತ್ತಿವೆ. ನಾನು 300 ರೂಪಾಯಿಗೆ ತಂದ ಸರ್ಕಾರಿ ಟಿವಿಯಲ್ಲಿ ಬಾತುಕೋಳಿಗಳು ಸರಿಯಾಗಿ ಬೀಳುತ್ತವೆ.

ಆ ಟಿವಿಯನ್ನು ಕೊಟ್ಟ ಗುಜರಿಯವರ ಮೂಲಕವೇ ಮುಡಿಚೂರಿನ ಒಬ್ಬ ಹಿರಿಯರ ಪರಿಚಯವಾಯಿತು. ತೊಂಬತ್ತರ ದಶಕದ ಮಧ್ಯದಿಂದ ಏಳೆಂಟು ವರ್ಷ ಅವರು ಮನೆಯ ಮುಂದಿನ ಕೋಣೆಯಲ್ಲಿ ಮೂರು ಟಿವಿ ಇಟ್ಟು, ಗಂಟೆಗೆ 10 ರೂಪಾಯಿ ತೆಗೆದುಕೊಂಡು ಹುಡುಗರನ್ನು ಆಡಿಸುತ್ತಿದ್ದರು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಮುಡಿಚೂರು ಮುಳುಗಿದ್ದು ಚೆನ್ನೈನಲ್ಲಿದ್ದವರಿಗೆಲ್ಲ ಗೊತ್ತು. ಅವರ ಮನೆಯಲ್ಲೂ ನೆಲಮಟ್ಟದಲ್ಲಿದ್ದದ್ದೆಲ್ಲ ಹೋಯಿತು: ಫ್ರಿಜ್ಜು, ಹಾಸಿಗೆ, ಮಗಳ ಸರ್ಟಿಫಿಕೇಟುಗಳು. ಅಟ್ಟದ ಮೇಲಿದ್ದ ಬಿಸ್ಕೆಟ್ ಪೆಟ್ಟಿಗೆ ಉಳಿಯಿತು. ಅದರೊಳಗೆ 43 ಕ್ಯಾಸೆಟ್ಟು, ಎರಡು ಮೆಷಿನ್ನು ಮತ್ತು ಒಂದು ಉದ್ದನೆಯ ಲೆಕ್ಕದ ಪುಸ್ತಕ.

"ಪಳೈಯ ಪೇಪರ್‌ಕಾರನ್ ಕೂಡ ವಾಂಗ ಮಾಟ್ಟಾನ್ ತಂಬಿ," ಅಂದರು. ಹಳೇ ಪೇಪರಿನವನೂ ಮುಟ್ಟುವುದಿಲ್ಲ, ನಿನಗೇಕಪ್ಪಾ ಎಂದು. ಪೆಟ್ಟಿಗೆಯನ್ನು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಕೊಡಲಿಲ್ಲ. ಓದಿ ಫೋಟೋ ತೆಗೆದುಕೊಳ್ಳಲು ಒಪ್ಪಿದರು. ಮೂರು ಭಾನುವಾರ ಹೋಗಿ ಅವರ ಜಗುಲಿಯಲ್ಲಿ ಕೂತು ಪುಟ ತಿರುಗಿಸಿದೆ. ತಮಿಳು ಅಕ್ಷರ ನನಗೆ ಬಸ್ಸಿನ ಬೋರ್ಡಿನಷ್ಟೇ ಬರುತ್ತದೆ. ತಡವರಿಸದೆ ಓದಿದ ಮೊದಲ ಪದ 'ಬಾಕಿ'. ಎರಡೂ ಭಾಷೆಯಲ್ಲಿ ಅದು ಬಾಕಿಯೇ. ಪ್ರತಿ ಪುಟದಲ್ಲಿ ಹುಡುಗನ ಹೆಸರು, ಗಂಟೆ, ಆಟ, ಬಾಕಿ.

ಆಟದ ಹೆಸರುಗಳ ಹತ್ತಿರ ನಾನು ನಿಂತುಬಿಟ್ಟೆ. ಅಲ್ಲಿ ಕಾಂಟ್ರಾ ಇಲ್ಲ, 'ತುಪ್ಪಾಕ್ಕಿ' ಇದೆ. ಡಕ್ ಹಂಟ್ ಇಲ್ಲ, 'ವಾತ್ತು' ಇದೆ. ಐಸ್ ಕ್ಲೈಂಬರ್ ಅವರಿಗೆ 'ಸುತ್ತಿಯಲ್'. ನಮ್ಮ ಬೀದಿಯಲ್ಲಿ ನಾವು ಅದನ್ನು 'ಸುತ್ತಿಗೆ ಆಟ' ಅನ್ನುತ್ತಿದ್ದೆವು! ಹುಲ್ಲಿನ ಲಂಗ ಉಟ್ಟು ಕೊಡಲಿ ಎಸೆಯುವ ಅಡ್ವೆಂಚರ್ ಐಲೆಂಡಿನ ನಾಯಕ ಅಲ್ಲಿ 'ಕಾಟ್ಟುವಾಸಿ', ನಮಗೆ 'ಕಾಡು ಮನುಷ್ಯ'. ಬ್ಯಾಟಲ್ ಸಿಟಿ ಎರಡೂ ಕಡೆ 'ಟ್ಯಾಂಕ್'. ಪಟ್ಟಿಯಲ್ಲಿದ್ದ ಇಂಗ್ಲಿಷನ್ನು ಓದಲಾಗದ, ಓದುವ ಅಗತ್ಯವೂ ಇಲ್ಲದ ಮಕ್ಕಳು ಪರದೆಯಲ್ಲಿ ಕಂಡದ್ದಕ್ಕೆ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ನೂರಾರು ಮೈಲಿ ದೂರದ ಎರಡು ಊರುಗಳಲ್ಲಿ, ಪರಸ್ಪರ ಗೊತ್ತಿಲ್ಲದೆ, ಒಂದೇ ಸುತ್ತಿಗೆಯನ್ನು ನೋಡಿ ಒಂದೇ ಹೆಸರು. ಇದು ಯಾವ ಕ್ಯಾಸೆಟ್ಟಿನ ಚಿಪ್ಪಿನಲ್ಲೂ ಇಲ್ಲ. ಆ ಪುಸ್ತಕ ನೀರಿಗೆ ಸಿಕ್ಕಿದ್ದರೆ ಎಲ್ಲೂ ಇರುತ್ತಿರಲಿಲ್ಲ.

ಆಫೀಸಿನ ಗೆಳೆಯರು ಹೇಳುವ ಮಾತು ಒಂದಿದೆ: "ಎಲ್ಲಾ ಆಟಗಳೂ ಎಮ್ಯುಲೇಟರಲ್ಲಿ ಸಿಗುತ್ತೆ ಮಾರಾಯ, ಫೋನಲ್ಲೇ ಆಡು." ಅಸಲಿ ಆಟಗಳ ಮಟ್ಟಿಗೆ ಇದು ಬಹುಪಾಲು ನಿಜ. ಆದರೂ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡಾ 87 ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಕಂಡುಬಂತು. ದಾಖಲೆ, ಕಂಪನಿ, ವಕೀಲರು ಎಲ್ಲ ಇರುವ ಕಡೆಯ ಸ್ಥಿತಿ ಇದು. ಯಾರದೂ ಅಲ್ಲದ ನಮ್ಮ ಕ್ಯಾಸೆಟ್ಟುಗಳ ಗತಿ ಊಹಿಸಿ. ರಷ್ಯಾದವರು ತಮ್ಮ ಡೆಂಡಿಯನ್ನು ನಕಲಿ ಎಂದು ತಳ್ಳಿಹಾಕಲಿಲ್ಲ; 1994ರಲ್ಲೇ ಅದರ ಹೆಸರಿನಲ್ಲಿ ಟಿವಿ ಕಾರ್ಯಕ್ರಮವೊಂದು ಬರುತ್ತಿತ್ತು. ನಮ್ಮ ಸಮುರಾಯ್ ಬಗ್ಗೆ ಒಂದು ಪುಟ ಬರೆಯಲು ಕೂತರೂ ಆಧಾರ ಹುಡುಕಬೇಕು.

ಹಾಗಾಗಿ ಈಗ ನನ್ನ ಬಿಡುವೆಲ್ಲ ಓದುವ ಕೆಲಸಕ್ಕೆ ಹೋಗುತ್ತಿದೆ. ಆರ್ಡುಯಿನೊ ಹಲಗೆಯಿಂದ ಕಟ್ಟಿಕೊಳ್ಳಬಹುದಾದ, ಓಪನ್ ಸೋರ್ಸ್ ಕಾರ್ಟ್ರಿಜ್ ರೀಡರ್ ಒಂದಿದೆ. ಕ್ಯಾಸೆಟ್ಟನ್ನು ಸಿಕ್ಕಿಸಿದರೆ ಒಳಗಿನದನ್ನು ಫೈಲಾಗಿ ಇಳಿಸಿಕೊಳ್ಳುತ್ತದೆ. ತೊಡಕು ಇರುವುದು ಬೇರೆ ಕಡೆ. ಫ್ಯಾಮಿಕಾಮಿನ ಪ್ರೊಸೆಸರಿಗೆ ಸಾಮಾನ್ಯವಾಗಿ ಕ್ಯಾಸೆಟ್ಟಿನ 32 ಕೆಬಿಯಷ್ಟು ಪ್ರೋಗ್ರಾಮು ಮಾತ್ರ ಒಮ್ಮೆಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಪುಟ ತಿರುಗಿಸಿ ತೋರಿಸುವ ಏರ್ಪಾಡು ಕ್ಯಾಸೆಟ್ಟಿನೊಳಗೇ ಇರಬೇಕು. ಅಸಲಿ ಕಂಪನಿಗಳ ಏರ್ಪಾಡುಗಳ ವಿವರ ಸಿಗುತ್ತದೆ. ನಕಲಿ ಕಾರ್ಖಾನೆಗಳು ತಮಗೆ ತೋಚಿದಂತೆ ಪುಟ ತಿರುಗಿಸುತ್ತಿದ್ದವು. ಅದನ್ನು ಪತ್ತೆ ಮಾಡುವ ತನಕ ಫೈಲು ಅರ್ಧಂಬರ್ಧ. ಮುಡಿಚೂರಿನ 43ರಲ್ಲಿ 31 ಜೀವಂತ ಇದ್ದವು. 22 ಪೂರ್ತಿ ಓದಿ ಆಗಿದೆ. ಉಳಿದ ಒಂಬತ್ತು, ಮತ್ತೊಂದು ಹಿಂಗಾರಿನ ಮೊದಲು ಆಗಬೇಕು. ಆಟಗಳ ಹಕ್ಕು ಅವುಗಳನ್ನು ಬರೆದವರದು, ಅವನ್ನು ನಾನು ಯಾರಿಗೂ ಹಂಚುವುದಿಲ್ಲ. ಸ್ಟಿಕ್ಕರು, ಹಲಗೆಯ ಫೋಟೋ, ಪಟ್ಟಿಯಲ್ಲಿರುವ ಹೆಸರುಗಳು, ಪುಟ ತಿರುಗಿಸುವ ಕ್ರಮ, ಎಲ್ಲಿ ಸಿಕ್ಕಿತು, ಅಲ್ಲಿನವರು ಆಟವನ್ನು ಏನೆಂದು ಕರೆಯುತ್ತಿದ್ದರು, ಇಷ್ಟನ್ನು ಬರೆದಿಡುತ್ತಿದ್ದೇನೆ.

ಇದನ್ನು ಓದುತ್ತಿರುವ ಹಲವರ ಊರಿನ ಮನೆಯ ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಇರಬಹುದು. ಹಬ್ಬಕ್ಕೆ ಹೋದಾಗ ಒಮ್ಮೆ ಹತ್ತಿ ನೋಡಿ. ಸಿಕ್ಕಿದರೆ ಹಳೆಯ ಅಡಾಪ್ಟರನ್ನು ಆತುರದಲ್ಲಿ ಚುಚ್ಚಬೇಡಿ. ಮೆಷಿನ್ನಿನಿಂದ ಮೆಷಿನ್ನಿಗೆ ಪ್ಲಸ್ ಮೈನಸ್ ಅದಲು ಬದಲಾಗಿರುತ್ತದೆ, ತಪ್ಪಾದರೆ ಬೋರ್ಡು ಸುಟ್ಟೀತು. ಪಿನ್ನುಗಳನ್ನು ಒರೆಸಿ, ಒಣಗಿಸಿ, ಆಮೇಲೆ ಹಾಕಿ. ಆಡುವ ಮೊದಲು ಒಂದು ಕಾಗದದ ಮೇಲೆ ನಿಮ್ಮ ಬೀದಿಯಲ್ಲಿ ಆ ಆಟಕ್ಕೆ ಏನೆನ್ನುತ್ತಿದ್ದಿರಿ ಎಂದು ಬರೆದು ಪೆಟ್ಟಿಗೆಯೊಳಗೆ ಇಡಿ. ಅಣ್ಣನಿಗೋ ತಂಗಿಗೋ ಫೋನ್ ಮಾಡಿ ಕೇಳಿದರೆ ಇನ್ನೂ ನಾಲ್ಕು ಹೆಸರು ಸಿಗುತ್ತವೆ. ಕ್ಯಾಸೆಟ್ ಓಡದಿದ್ದರೂ ಆ ಕಾಗದ ಉಳಿಯುತ್ತದೆ.